ಇಂಗಾಲದ ನ್ಯಾನೋ ಕೊಳವೆಗೆ ಸಸ್ಯದ ಔಷಧಾಂಶ: ರೈತರು ತಿಳಿಯಬೇಕಾದ ಸಂಗತಿಗಳು

ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸಿರುಗುಪ್ಪ ಮತ್ತು ಕುರುಗೋಡು ಭಾಗದ ರೈತ ಬಾಂಧವರಿಗೆ 'ನ್ಯಾನೋ' ಎಂಬ ಶಬ್ದ ಈಗ ಹೊಸದೇನಲ್ಲ. 2021ರಲ್ಲಿ ನ್ಯಾನೋ ಯೂರಿಯಾ, 2023ರಲ್ಲಿ ನ್ಯಾನೋ ಡಿಎಪಿ ಬಾಟಲಿಗಳು ಬಳ್ಳಾರಿ ಪೇಟೆಯ ಗೊಬ್ಬರದ ಅಂಗಡಿಗಳಿಗೆ ಬಂದ ಮೇಲೆ ಈ ಶಬ್ದ ಹಳ್ಳಿಯ ಕಟ್ಟೆಯ ಮೇಲೂ ಕೇಳಿಬರುತ್ತಿದೆ. ಇದೇ ಹೆಸರಿನ ಇನ್ನೊಂದು ವಿಷಯ ವೈದ್ಯಕ್ಷೇತ್ರದಲ್ಲಿದೆ. ಅರಿಶಿನ, ಮೆಣಸಿನಕಾಯಿ, ನಿತ್ಯಪುಷ್ಪ ಮುಂತಾದ ಸಸ್ಯಗಳಲ್ಲಿರುವ ಔಷಧಾಂಶವನ್ನು ಇಂಗಾಲದ ಅತಿ ಸೂಕ್ಷ್ಮ ಕೊಳವೆಗಳಿಗೆ ಜೋಡಿಸಿ ಶರೀರದಲ್ಲಿ ರೋಗವಿರುವ ಜಾಗಕ್ಕೇ ತಲುಪಿಸುವ ಸಂಶೋಧನೆಯೇ ಅದು.

ಇದನ್ನು ಕೇಳಿದ ರೈತರಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ನಾವು ಬೆಳೆದ ಬೆಳೆಗೆ ಇದರಿಂದ ಹೆಚ್ಚಿನ ಬೆಲೆ ದೊರೆಯುವುದೇ? ಔಷಧಿ ಸಸ್ಯಗಳನ್ನು ಎಕರೆಗಟ್ಟಲೆ ಬೆಳೆಯಬಹುದೇ? ವಿಷಯವನ್ನು ಸರಿಯಾಗಿ ತಿಳಿಯದೆ ಕೈಹಾಕಿದರೆ ನಷ್ಟ ರೈತನದೇ. ಆದುದರಿಂದ ಈ ಕೊಳವೆ ಎಂದರೇನು, ಸಸ್ಯದ ಅಂಶವನ್ನು ಅದಕ್ಕೆ ಹೇಗೆ ಜೋಡಿಸುತ್ತಾರೆ, ಈ ಕೆಲಸ ಎಲ್ಲಿಯವರೆಗೆ ಬಂದಿದೆ, ನಮ್ಮ ಭಾಗದ ರೈತರು ಇದರಿಂದ ಗ್ರಹಿಸಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನ್ಯಾನೋ ಕೊಳವೆ ಎಂದರೇನು?

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕೆ ಒಂದು ನ್ಯಾನೋಮೀಟರ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಇಂಗಾಲದ ನ್ಯಾನೋ ಕೊಳವೆಯ ದಪ್ಪವಾದರೋ ಒಂದೆರಡು ನ್ಯಾನೋಮೀಟರಿನಿಂದ ಕೆಲವು ಹತ್ತು ನ್ಯಾನೋಮೀಟರ್ ಮಾತ್ರ.

ಬರೆಯುವ ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದು ಗ್ರಾಫೈಟ್. ಇದು ಇಂಗಾಲದ ಒಂದು ರೂಪ. ಇದರಲ್ಲಿ ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಯ ಮನೆಗಳಾಗಿ ಹೆಣೆದುಕೊಂಡು ತೆಳ್ಳನೆಯ ಹಾಳೆಗಳಾಗಿ ಒಂದರ ಮೇಲೊಂದು ಕುಳಿತಿರುತ್ತವೆ. ಇಂತಹ ಒಂದು ಹಾಳೆಯನ್ನು ಚಾಪೆ ಸುತ್ತಿದಂತೆ ಸುತ್ತಿ ಅಂಚುಗಳನ್ನು ಕೂಡಿಸಿದರೆ ಹೇಗೋ ಹಾಗಿರುತ್ತದೆ ಒಂಟಿ ಗೋಡೆಯ ಕೊಳವೆ. ಒಂದರೊಳಗೊಂದು ಹಲವು ಕೊಳವೆಗಳಿದ್ದರೆ ಅದು ಬಹುಗೋಡೆಯ ಕೊಳವೆ. 1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಎಂಬ ವಿಜ್ಞಾನಿ ಬಹುಗೋಡೆಯ ಕೊಳವೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ ಬಳಿಕ ಜಗತ್ತಿನ ಗಮನ ಇವುಗಳ ಕಡೆ ಹರಿಯಿತು. 1993ರಲ್ಲಿ ಒಂಟಿ ಗೋಡೆಯ ಕೊಳವೆಗಳೂ ಕಂಡುಬಂದವು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲೇ ಇಂತಹ ಕೊಳವೆಗಳನ್ನು ತಯಾರಿಸುವ ಕೆಲಸ ಕೈಗೊಂಡರು.

ಇಂಗಾಲವುಳ್ಳ ಅನಿಲ ಇಲ್ಲವೆ ಆವಿಯನ್ನು ಹೆಚ್ಚಿನ ಶಾಖದಲ್ಲಿ ಕಬ್ಬಿಣ, ಕೋಬಾಲ್ಟ್ ಅಥವಾ ನಿಕ್ಕಲ್‌ನ ಸಣ್ಣ ಕಣಗಳ ಮೇಲೆ ಹಾಯಿಸಿದಾಗ ಕೊಳವೆಗಳು ಬೆಳೆಯುತ್ತವೆ. ಕರ್ಪೂರ, ಬೇವಿನ ಎಣ್ಣೆ, ಕೊಬ್ಬರಿ ಎಣ್ಣೆ ಇವುಗಳಿಂದಲೂ ಪ್ರಯೋಗಾಲಯಗಳಲ್ಲಿ ಕೊಳವೆಗಳನ್ನು ತಯಾರಿಸಲಾಗಿದೆ.

ಹಳೆಯ ಉಕ್ಕು ಮತ್ತು ತಂಗಡಿ ಕಡ್ಡಿ

ಅದಿರಿಗೆ ಹೆಸರಾದ ಬಳ್ಳಾರಿ ಸೀಮೆಯವರಿಗೆ ಹಿಡಿಸುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು ಹಿಂದೆ ಪಶ್ಚಿಮ ಏಷ್ಯಾಕ್ಕೆ ಹೋಗಿ ಡಮಾಸ್ಕಸ್ ಕತ್ತಿಗಳಾಗುತ್ತಿತ್ತು. ವಿದೇಶಗಳಲ್ಲಿ ಇದಕ್ಕಿರುವ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಶಬ್ದದಿಂದಲೇ ಬಂದಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಮ್ಮಾರರು ಮೂಸೆಯಲ್ಲಿ ಕಬ್ಬಿಣದ ಜೊತೆಗೆ ತಂಗಡಿ (ಆವರಿಕೆ) ಗಿಡದ ಕಡ್ಡಿಯನ್ನೂ ಹಸಿ ಎಲೆಗಳನ್ನೂ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮ ಬೀಳು ಭೂಮಿಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಗಿಡವೇ ಈ ತಂಗಡಿ.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿಗಳು 17ನೇ ಶತಮಾನದ ಒಂದು ಡಮಾಸ್ಕಸ್ ಕತ್ತಿಯ ಚೂರನ್ನು ಆಮ್ಲದಲ್ಲಿ ಕರಗಿಸಿ ನೋಡಿದಾಗ ಅದರಲ್ಲಿ ಇಂಗಾಲದ ನ್ಯಾನೋ ಕೊಳವೆಗಳು ಕಂಡುಬಂದವೆಂದು ವರದಿ ಮಾಡಿದರು. ಮೂಸೆಯಲ್ಲಿಟ್ಟ ಕಟ್ಟಿಗೆ, ಎಲೆಗಳ ಇಂಗಾಲ ಮತ್ತು ಅದಿರಿನಲ್ಲಿದ್ದ ಅಲ್ಪಸ್ವಲ್ಪ ಇತರ ಲೋಹಗಳು ಇದಕ್ಕೆ ಕಾರಣವಾಗಿರಬಹುದೆಂಬುದು ಅವರ ಊಹೆ. ಕಮ್ಮಾರರಿಗೆ ಕೊಳವೆಯ ವಿಷಯ ತಿಳಿದಿರಲಿಲ್ಲ, ಕಬ್ಬಿಣ ಪಳಗಿಸುವ ಹದ ಮಾತ್ರ ತಿಳಿದಿತ್ತು. ಸಸ್ಯ ಮತ್ತು ಇಂಗಾಲದ ಕೊಳವೆಯ ನಂಟು ಹೀಗೆ ತೀರ ಹೊಸದಲ್ಲ. ಆದರೆ ಅಂದು ಸಸ್ಯ ಸುಟ್ಟು ಇಂಗಾಲವಾಗುತ್ತಿತ್ತು. ಇಂದಿನ ಸಂಶೋಧನೆಯಲ್ಲಿ ಸಸ್ಯದ ಔಷಧಾಂಶವನ್ನು ಕೆಡದಂತೆ ಕಾಪಾಡಿ ಕೊಳವೆಯ ಮೇಲೆ ಕೂರಿಸಬೇಕು.

ಔಷಧಾಂಶಕ್ಕೆ ವಾಹನ ಏಕೆ ಬೇಕು?

ಸಸ್ಯಗಳಿಂದ ಬಂದ ಅನೇಕ ಒಳ್ಳೆಯ ಔಷಧಾಂಶಗಳಿಗೆ ಒಂದು ಕೊರತೆಯುಂಟು. ಅವು ನೀರಿನಲ್ಲಿ ಕರಗುವುದಿಲ್ಲ. ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಣ್ಣೆಯಲ್ಲಿ ಬೆರೆಯುತ್ತದೆ, ನೀರಿನಲ್ಲಿ ತಳಕ್ಕಿಳಿಯುತ್ತದೆ. ಬಾಯಿಂದ ಸೇವಿಸಿದರೆ ಅದರ ಬಹುಪಾಲು ರಕ್ತಕ್ಕೆ ಸೇರದೆ ಹೊರಬೀಳುತ್ತದೆ, ಸೇರಿದ ಅಲ್ಪ ಭಾಗವೂ ಬೇಗನೆ ಮಾರ್ಪಾಡಾಗುತ್ತದೆ. ಪ್ರಯೋಗಾಲಯದ ಬಟ್ಟಲಿನಲ್ಲಿ ಕಂಡ ಗುಣ ರೋಗಿಯಲ್ಲಿ ಕಾಣದಿರಲು ಇದು ಒಂದು ಮುಖ್ಯ ಕಾರಣ.

ಯೂ ಮರದ ತೊಗಟೆಯಿಂದ ದೊರೆತ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಿಯೂ ಹೀಗೆಯೇ. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ, ದುರ್ವಾಸನೆಯುಳ್ಳ ನೋಥಾಪೊಡೈಟಿಸ್ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ಅಂಶವಿದೆ ಎಂಬುದು 1972ರಲ್ಲಿ ನಮ್ಮ ದೇಶದ ವಿಜ್ಞಾನಿಗಳಿಂದ ತಿಳಿದುಬಂದಿತು. ಅದೂ ನೀರಿಗೆ ಒಗ್ಗದ ವಸ್ತುವೇ. ಕ್ಯಾನ್ಸರ್ ಔಷಧಿಗಳಿಗೆ ಇನ್ನೊಂದು ತೊಂದರೆಯೂ ಇದೆ. ಅವು ರೋಗದ ಗಡ್ಡೆಯ ಜೊತೆಗೆ ಆರೋಗ್ಯವಾಗಿರುವ ಜೀವಕೋಶಗಳನ್ನೂ ಕೊಲ್ಲುತ್ತವೆ. ಬೆಳೆಗೂ ಕಳೆಗೂ ಒಂದೇ ಸಮನೆ ಕಳೆನಾಶಕ ಹೊಡೆದಂತಾಗುತ್ತದೆ. ಔಷಧಿಯನ್ನು ಗಡ್ಡೆಯ ಬಳಿಗೇ ಒಯ್ದು ಇಳಿಸುವ ಗಾಡಿಯೊಂದು ದೊರೆತರೆ ಕಡಿಮೆ ಪ್ರಮಾಣದಲ್ಲಿ ಹೆಚ್ಚು ಕೆಲಸವಾಗಬಹುದು. ಈ ಗಾಡಿಯಾಗಿ ಪರೀಕ್ಷಿಸಲ್ಪಟ್ಟ ಹಲವು ವಸ್ತುಗಳಲ್ಲಿ ನ್ಯಾನೋ ಕೊಳವೆಯೂ ಒಂದು.

ಗಾಡಿಯಾಗಿ ಕೊಳವೆಗಿರುವ ದೊಡ್ಡ ಗುಣ ಅದರ ಮೈವಿಸ್ತಾರ. ಒಂದು ಗ್ರಾಂ ಒಂಟಿ ಗೋಡೆಯ ಕೊಳವೆಗಳನ್ನು ಬಿಡಿಬಿಡಿಯಾಗಿ ಹರಡಿದರೆ ಅವುಗಳ ಹೊರಮೈ ಲೆಕ್ಕದ ಪ್ರಕಾರ ಸುಮಾರು 1,300 ಚದರ ಮೀಟರ್ ಆಗುತ್ತದೆ. ಅಂದರೆ ಹೆಚ್ಚು ಕಡಿಮೆ 13 ಗುಂಟೆ ಜಮೀನು! ಇಷ್ಟು ಜಾಗವಿರುವಾಗ ಅದರ ಮೇಲೆ ಬಹಳಷ್ಟು ಔಷಧಾಂಶವನ್ನು ಕೂರಿಸಬಹುದು.

ಜೋಡಿಸುವ ವಿಧಾನಗಳು

ತಯಾರಾದ ಕೊಳವೆಗಳಲ್ಲಿ ಲೋಹದ ಕಣ, ಮಸಿ ಸೇರಿರುತ್ತವೆ. ಮೊದಲು ಆಮ್ಲದಿಂದ ತೊಳೆದು ಇವನ್ನು ತೆಗೆಯಬೇಕು. ಲೋಹ ಉಳಿದರೆ ಅದೇ ವಿಷವಾಗುತ್ತದೆ. ಕೊಳವೆಗಳೂ ನೀರಿಗೆ ಒಗ್ಗುವುದಿಲ್ಲ, ಒಂದಕ್ಕೊಂದು ಅಂಟಿ ಕಂತೆಯಾಗುತ್ತವೆ. ಆದುದರಿಂದ ಅವುಗಳ ಮೈಯನ್ನು ಹದ ಮಾಡಬೇಕಾಗುತ್ತದೆ. ಆ ಬಳಿಕ ಜೋಡಣೆಗೆ ಎರಡು ಮಾರ್ಗಗಳಿವೆ.

1. ಅಂಟಿಸುವ ಮಾರ್ಗ: ಶೇಂಗಾ ಅಥವಾ ತೊಗರಿ ಬೀಜಕ್ಕೆ ಬೆಲ್ಲದ ಅಂಟಿನಲ್ಲಿ ರೈಝೋಬಿಯಂ ಲೇಪಿಸಿ ನೆರಳಿನಲ್ಲಿ ಒಣಗಿಸುವುದು ರೈತರಿಗೆ ಗೊತ್ತಿದೆ. ಬೀಜಕ್ಕೆ ಗಾಯವಾಗುವುದಿಲ್ಲ, ಲೇಪ ಮೇಲೆ ಕುಳಿತಿರುತ್ತದೆ. ಇದೂ ಅದೇ ಬಗೆಯದು. ಕರ್ಕ್ಯುಮಿನ್, ಕ್ಯಾಂಪ್ಟೊಥೆಸಿನ್‌ಗಳಂತಹ ಅಣುಗಳಲ್ಲಿ ಚಪ್ಪಟೆಯಾದ ಉಂಗುರಗಳಿರುತ್ತವೆ. ಕೊಳವೆಯ ಗೋಡೆಯೂ ಇಂತಹ ಉಂಗುರಗಳಿಂದಲೇ ಆದುದು. ಒದ್ದೆ ಗೋಡೆಗೆ ಎಲೆ ಅಂಟಿದಂತೆ ಇವೆರಡೂ ಮೈಗೆ ಮೈ ತಾಗಿ ನಿಲ್ಲುತ್ತವೆ. ಕೊಳವೆಯ ಗೋಡೆಗೆ ಹಾನಿಯಿಲ್ಲದಿರುವುದು ಇದರ ಅನುಕೂಲ. ದಾರಿಯಲ್ಲೇ ಕಳಚಿ ಬೀಳುವ ಸಂಭವವಿರುವುದು ಇದರ ಅನಾನುಕೂಲ.

2. ಬೆಸೆಯುವ ಮಾರ್ಗ: ಇದನ್ನು ಮಾವಿನ ಗಿಡಕ್ಕೆ ಕಸಿ ಕಟ್ಟುವುದಕ್ಕೆ ಹೋಲಿಸಬಹುದು. ಕಸಿ ಕಟ್ಟಲು ಮೊದಲು ಬುಡಗಿಡವನ್ನು ಸೀಳಬೇಕು. ಹಾಗೆಯೇ ಕೊಳವೆಗಳನ್ನು ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲದ ಮಿಶ್ರಣದಲ್ಲಿಟ್ಟರೆ ಅವುಗಳ ತುದಿಗಳು ತೆರೆಯುತ್ತವೆ, ಗೋಡೆಯಲ್ಲಿ ಅಲ್ಲಲ್ಲಿ ಆಮ್ಲಗುಣದ ಗುಂಪುಗಳು ಹುಟ್ಟುತ್ತವೆ. ಸಸ್ಯದ ಅಣುವಿನಲ್ಲಿರುವ ತಕ್ಕ ಕೊಂಡಿಯನ್ನು ಈ ಗುಂಪುಗಳಿಗೆ ರಾಸಾಯನಿಕವಾಗಿ ಬೆಸೆಯಲಾಗುತ್ತದೆ. ನಡುವೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರಿಗೆ ಒಗ್ಗುವ ಉದ್ದನೆಯ ಅಣುವನ್ನು ಹಗ್ಗದಂತೆ ಕಟ್ಟುವುದೂ ಉಂಟು. ಬೆಸುಗೆ ಗಟ್ಟಿ, ಆದರೆ ಸರಿಯಾದ ಜಾಗದಲ್ಲಿ ಅದು ಬಿಡಲೂ ಬೇಕು. ಬಿಡದಿದ್ದರೆ ಔಷಧಿ ಇದ್ದೂ ಇಲ್ಲದಂತೆ. ಅತಿಯಾಗಿ ಆಮ್ಲ ತಾಗಿದರೆ ಕೊಳವೆಯೇ ತುಂಡಾಗುತ್ತದೆ.

ಜೋಡಣೆ ನಿಜವಾಗಿ ಆಗಿದೆಯೇ ಎಂದು ಪರೀಕ್ಷಿಸದೆ ಮುಂದೆ ಹೋಗುವಂತಿಲ್ಲ. ಅಂಟದೆ ಉಳಿದ ಔಷಧಾಂಶವನ್ನು ಹಲವು ಬಾರಿ ತೊಳೆದು ತೆಗೆಯುತ್ತಾರೆ. ತೊಳೆದ ನೀರಿನ ಬಣ್ಣವನ್ನು ಉಪಕರಣದಲ್ಲಿ ಅಳೆದು, ಹಾಕಿದ್ದೆಷ್ಟು, ಹೊರಬಂದದ್ದೆಷ್ಟು, ಕುಳಿತದ್ದೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಮಾದರಿಯನ್ನು ನಿಧಾನವಾಗಿ ಕಾಯಿಸುತ್ತಾ ತೂಕ ಇಳಿಯುವುದನ್ನು ನೋಡಿಯೂ ಪ್ರಮಾಣ ತಿಳಿಯಬಹುದು. ಕೊಳವೆಯ ಗೋಡೆಗೆ ಎಷ್ಟು ಪೆಟ್ಟಾಗಿದೆ ಎಂಬುದನ್ನು ತಿಳಿಸುವುದು ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಬೆಳಕಿನ ಪರಿಣಾಮವನ್ನು ಬಳಸುವ ಉಪಕರಣ.

ಮೆಲ್ಲನೆ ಬಿಡುಗಡೆಯಾಗುವ ಗುಣಕ್ಕೆ ನಮ್ಮ ಹೊಲದಲ್ಲೇ ಒಂದು ಹೋಲಿಕೆ ಇದೆ. 2015ರಲ್ಲಿ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೆ ಬೇವಿನ ಲೇಪ ಕಡ್ಡಾಯವಾಯಿತು. ಬೇವಿನ ಅಂಶ ಮಣ್ಣಿನ ಕೆಲವು ಸೂಕ್ಷ್ಮಜೀವಿಗಳ ಕೆಲಸವನ್ನು ತಡೆದು ಸಾರಜನಕ ಬೇಗ ಪೋಲಾಗದಂತೆ ಮಾಡುತ್ತದೆ. ಇಲ್ಲಿ ಸಸ್ಯದ ಅಂಶ ಕಾವಲುಗಾರ, ಅಲ್ಲಿ ಅದೇ ಸರಕು. ಎರಡರ ಉದ್ದೇಶವೂ ಬೇಕಾದ ಕಡೆ, ಬೇಕಾದಷ್ಟೇ ಒದಗಿಸುವುದು.

ಕೆಲಸ ಎಲ್ಲಿಯವರೆಗೆ ಬಂದಿದೆ?

2008ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ಯಾಕ್ಲಿಟ್ಯಾಕ್ಸೆಲ್ಲನ್ನು ಒಂಟಿ ಗೋಡೆಯ ಕೊಳವೆಗೆ ಬೆಸೆದು ಸ್ತನ ಕ್ಯಾನ್ಸರ್ ಗಡ್ಡೆಯುಳ್ಳ ಇಲಿಗಳಿಗೆ ಕೊಟ್ಟರು. ಸಾಮಾನ್ಯ ರೂಪದ ಔಷಧಿಗೆ ಹೋಲಿಸಿದರೆ ಗಡ್ಡೆಯೊಳಗೆ ಸುಮಾರು 10 ಪಟ್ಟು ಹೆಚ್ಚು ಔಷಧಿ ಸೇರಿತು, ಗಡ್ಡೆಯ ಬೆಳವಣಿಗೆಯೂ ಹೆಚ್ಚು ಕುಗ್ಗಿತು. ಗಡ್ಡೆಯ ರಕ್ತನಾಳಗಳು ಒಡಕು ಮಡಕೆಯಂತೆ ಸೋರುವುದರಿಂದ ಕೊಳವೆಗಳು ಅಲ್ಲಿ ಹೊರಕ್ಕೆ ಜಿನುಗಿ ನಿಲ್ಲುತ್ತವೆ ಎಂಬುದು ಇದಕ್ಕೆ ಕೊಟ್ಟ ವಿವರಣೆ. ಕರ್ಕ್ಯುಮಿನ್, ಕ್ಯಾಂಪ್ಟೊಥೆಸಿನ್ ಜಾತಿಯ ಅಂಶಗಳನ್ನೂ ಹೀಗೆ ಕೂರಿಸಿ ಬಟ್ಟಲಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮತ್ತು ಪ್ರಾಣಿಗಳ ಮೇಲೆ ಪರೀಕ್ಷಿಸಲಾಗಿದೆ.

ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದವಾದುದು. ಸಸ್ಯದ ಅಂಶವನ್ನು ಇಂಗಾಲದ ಕೊಳವೆಗೆ ಜೋಡಿಸಿದ ಯಾವ ಔಷಧಿಯೂ ಇಂದಿನವರೆಗೆ ಆಸ್ಪತ್ರೆಯ ಸಾಮಾನ್ಯ ಬಳಕೆಗೆ ಬಂದಿಲ್ಲ. ಇದಕ್ಕೆ ಮುಖ್ಯ ಕಾರಣ ಸುರಕ್ಷತೆಯ ಪ್ರಶ್ನೆ. ಉದ್ದನೆಯ, ಬಿರುಸಾದ ಬಹುಗೋಡೆಯ ಕೊಳವೆಗಳನ್ನು ಇಲಿಗಳ ಹೊಟ್ಟೆಯ ಪೊಳ್ಳಿಗೆ ಚುಚ್ಚಿದಾಗ ಕಲ್ನಾರಿನಿಂದಾಗುವಂತಹ ಉರಿಯೂತ ಕಂಡಿತೆಂದು 2008ರಲ್ಲೇ ವರದಿಯಾಯಿತು. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಹುಗೋಡೆಯ ಕೊಳವೆಗಳಲ್ಲಿ ಒಂದು ಬಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಇನ್ನೊಂದು ಕಡೆ, ನಮ್ಮ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವ ಹದಗೊಳಿಸಿದ ಒಂಟಿ ಗೋಡೆಯ ಕೊಳವೆಗಳನ್ನು ಕರಗಿಸಬಲ್ಲದೆಂದು 2010ರಲ್ಲಿ ತಿಳಿದುಬಂದಿತು. ಕೊಳವೆಯ ಉದ್ದ, ಶುದ್ಧತೆ, ಮೈಲೇಪ ಇವುಗಳ ಮೇಲೆ ಗುಣದೋಷಗಳು ನಿಂತಿವೆ. ಕ್ಯಾನ್ಸರ್ ಗುಣಪಡಿಸಲು ಹೊರಟ ಗಾಡಿಯೇ ಕ್ಯಾನ್ಸರಿಗೆ ಕಾರಣವಾಗಬಾರದಲ್ಲವೇ?

ಹತ್ತಿ ಬೆಳೆಗಾರರು ಇಲ್ಲಿ ಒಂದು ಹಳೆಯ ಪಾಠವನ್ನು ನೆನೆಯಬಹುದು. ಹತ್ತಿ ಬೀಜದಲ್ಲಿರುವ ಗಾಸಿಪಾಲ್ ಎಂಬ ಅಂಶವನ್ನು 1970ರ ದಶಕದಲ್ಲಿ ಚೀನಾದಲ್ಲಿ ಗಂಡಸರ ಸಂತಾನ ನಿಯಂತ್ರಣಕ್ಕೆಂದು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಗುಣ ಕಂಡಿತು. ಆದರೆ ಕೆಲವರಲ್ಲಿ ರಕ್ತದ ಪೊಟ್ಯಾಷಿಯಂ ಕುಸಿಯಿತು, ಕೆಲವರಿಗೆ ಸಂತಾನಶಕ್ತಿ ಮರಳಿ ಬರಲಿಲ್ಲ. ಹೀಗಾಗಿ ಅದನ್ನು ಕೈಬಿಡಲಾಯಿತು. ಸಸ್ಯದಿಂದ ಬಂದುದೆಲ್ಲ ನಿರಪಾಯವೆಂಬ ಭಾವನೆ ಸರಿಯಲ್ಲ.

ರೈತನ ಲೆಕ್ಕ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ನಮ್ಮ ಭಾಗದ ಮುಖ್ಯ ಬೆಳೆಯಾದ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಅದರ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. ಇದು ನರಗಳಲ್ಲಿರುವ ಉರಿ ತಿಳಿಯುವ ಬಾಗಿಲನ್ನು ತಟ್ಟುತ್ತದೆ. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂದಿತು. ನರನೋವಿಗೆ ಚರ್ಮದ ಮೇಲೆ ಹಚ್ಚುವ ಶೇಕಡಾ 8ರ ಕ್ಯಾಪ್ಸೈಸಿನ್ ಪಟ್ಟಿಗೆ 2009ರಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಒಪ್ಪಿಗೆ ದೊರೆಯಿತು. ಇದಕ್ಕೆ ಕೊಳವೆ ಬೇಕಾಗಲಿಲ್ಲ.

ಇಂತಹ ಒಂದು ಪಟ್ಟಿಯಲ್ಲಿರುವ ಕ್ಯಾಪ್ಸೈಸಿನ್ 179 ಮಿಲಿಗ್ರಾಂ. ಒಂದು ಕ್ವಿಂಟಲ್ ಒಣ ಮೆಣಸಿನಕಾಯಿಯಲ್ಲಿ ಶೇಕಡಾ 0.3ರಷ್ಟು ಕ್ಯಾಪ್ಸೈಸಿನ್ ಇದೆ ಎಂದಿಟ್ಟುಕೊಂಡರೆ ಅದು 300 ಗ್ರಾಂ ಆಯಿತು. ಇದನ್ನೆಲ್ಲ ಹೊರತೆಗೆಯಲು ಸಾಧ್ಯವಾದರೆ 1,600ಕ್ಕೂ ಹೆಚ್ಚು ಪಟ್ಟಿಗಳಿಗೆ ಸಾಕು! ಔಷಧಿಗೆ ಬೇಕಾಗುವ ಕಚ್ಚಾ ಮಾಲು ಎಷ್ಟು ಕಡಿಮೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದೂ ಅಲ್ಲದೆ ಈ ಪಟ್ಟಿಯಲ್ಲಿ ಬಳಸುವುದು ಕಾರ್ಖಾನೆಯಲ್ಲಿ ತಯಾರಿಸಿದ ಕ್ಯಾಪ್ಸೈಸಿನ್ನನ್ನು, ಹೊಲದಿಂದ ಬಂದುದನ್ನಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಕೂಡಾ ಮೊದಲು ತೊಗಟೆಯಿಂದ ಬರುತ್ತಿತ್ತು. ಈಗ ಎಲೆಯ ಅಂಶದಿಂದ ಅರ್ಧ ಕೃತಕವಾಗಿ ಇಲ್ಲವೆ ಸಸ್ಯಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸಿ ತಯಾರಿಸುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ ನಿತ್ಯಪುಷ್ಪದ ಎಲೆಯಲ್ಲಿ ಔಷಧಾಂಶ ಎಷ್ಟು ಕಡಿಮೆಯೆಂದರೆ ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಅಲ್ಲಿ ಎಲೆಗೆ ಬೇಡಿಕೆ ಇದ್ದರೂ ಕೊಳ್ಳುವವರು ಕೆಲವೇ ಮಂದಿ. ಅವರು ಹೇಳಿದ್ದೇ ಬೆಲೆ.

ಆದುದರಿಂದ ನ್ಯಾನೋ ಔಷಧಿಯ ಹೆಸರು ಕೇಳಿ ಭತ್ತ, ಮೆಣಸಿನಕಾಯಿ ಬಿಟ್ಟು ಔಷಧಿ ಸಸ್ಯಕ್ಕೆ ಹೊರಳುವುದು ವಿವೇಕವಲ್ಲ. ಮಾರಾಟದ ಖಾತರಿ ಇರುವಲ್ಲಿ, ಬೀಳು ಜಮೀನಿನ ಸ್ವಲ್ಪ ಭಾಗದಲ್ಲಿ ಮಾಡಿ ನೋಡುವುದು ಬೇರೆ ಮಾತು.

ಮಾರಾಟಗಾರರ ಬಗ್ಗೆ ಎಚ್ಚರಿಕೆ

ಊರಿಗೆ ಬಂದು ಸಸಿ ಮಾರಿ, ಬೆಳೆದದ್ದನ್ನು ತಾವೇ ಕೊಳ್ಳುತ್ತೇವೆ ಎಂದು ಹೇಳುವವರನ್ನು ಈ ಪ್ರಶ್ನೆಗಳನ್ನು ಕೇಳಬೇಕು.

1. ನೀವು ಕೊಳ್ಳುವುದು ಗಿಡದ ಯಾವ ಭಾಗ, ಅದರಲ್ಲಿ ಯಾವ ಅಂಶ ಶೇಕಡಾ ಎಷ್ಟಿರಬೇಕು?
2. ಆ ಅಂಶವನ್ನು ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತೀರಿ, ವೆಚ್ಚ ಯಾರದು?
3. ಪ್ರಮಾಣ ಕಡಿಮೆ ಬಂದರೆ ಮಾಲನ್ನು ಏನು ಮಾಡುತ್ತೀರಿ?
4. ಬೆಲೆ, ಅವಧಿ, ಹಣ ಪಾವತಿಯ ದಿನ ಇವು ಬರಹದಲ್ಲಿವೆಯೇ?

ಸರಿಯಾದ ಉತ್ತರ ಬರುವವರೆಗೆ ಮುಂಗಡ ಕೊಡಬಾರದು. 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧಿ ಸಸ್ಯಗಳ ಮಂಡಳಿ ಮತ್ತು ನಮ್ಮ ರಾಜ್ಯದ ಔಷಧಿ ಗಿಡಮೂಲಿಕೆ ಪ್ರಾಧಿಕಾರಗಳಿಂದ ಮಾಹಿತಿ ಪಡೆದ ನಂತರವೇ ಮುಂದುವರಿಯುವುದು ಲೇಸು.

ಹಾಗೆಯೇ ಇಂಗಾಲದ ನ್ಯಾನೋ ಪುಡಿ ಎಂದು ಹೇಳಿ ಬೆಳೆಗೆ ಹಾಕಲು ಮಾರುವುದನ್ನು ನಂಬಬಾರದು. ಬಹುಗೋಡೆಯ ಕೊಳವೆಗಳಿಂದ ಟೊಮೆಟೊ ಬೀಜ ಬೇಗ ಮೊಳೆಯಿತೆಂದು 2009ರಲ್ಲಿ ಅಮೆರಿಕದ ಪ್ರಯೋಗವೊಂದರಲ್ಲಿ ಕಂಡಿದೆಯಾದರೂ ಅದು ಪ್ರಯೋಗಾಲಯದ ಮಾತು. ಇಂತಹ ಪುಡಿಯ ಧೂಳು ಉಸಿರಿಗೆ ಹೋಗುವುದು ಅಪಾಯಕರ. ಗೊಬ್ಬರವೆಂದು ಮಾರುವ ಯಾವ ವಸ್ತುವೇ ಆಗಲಿ, 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಒಳಪಟ್ಟಿದೆಯೇ ಎಂದು ನೋಡಿ, ರಶೀದಿ ಪಡೆದೇ ಕೊಳ್ಳಬೇಕು. ಅಂಗಡಿಯಲ್ಲಿ ದೊರೆಯುವ ನ್ಯಾನೋ ಯೂರಿಯಾಕ್ಕೂ ಈ ಕೊಳವೆಗಳಿಗೂ ಸಂಬಂಧವಿಲ್ಲ ಎಂಬುದು ನೆನಪಿರಲಿ.

ಇಂದೇ ಮಾಡಬಹುದಾದದ್ದು

ಕೊಳವೆಯ ಔಷಧಿ ನಾಳೆ ಬರಲಿ, ಬಾರದಿರಲಿ, ಸಸ್ಯದ ಅಂಶ ಕೊಳ್ಳುವ ಎಲ್ಲರೂ ಕೇಳುವುದು ಒಂದನ್ನೇ: ಮಾಲು ಶುದ್ಧವಾಗಿರಬೇಕು, ಪ್ರತಿ ಸಲ ಒಂದೇ ಗುಣದ್ದಾಗಿರಬೇಕು. ಬಣ್ಣ ಮತ್ತು ಖಾರದ ಸಾರ ತೆಗೆಯುವ ಕಾರ್ಖಾನೆಗಳು, ರಫ್ತು ವ್ಯಾಪಾರಿಗಳು ಇಂದೂ ಇದನ್ನೇ ನೋಡುತ್ತಾರೆ. ಯೂರೋಪ್ ದೇಶಗಳು ಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ ಮೀರಿದರೆ ಒಪ್ಪುವುದಿಲ್ಲ. ಆದುದರಿಂದ ಮೆಣಸಿನಕಾಯಿ ಬೆಳೆಗಾರರು ಈ ಕ್ರಮಗಳನ್ನು ತಪ್ಪದೆ ಅನುಸರಿಸಬೇಕು.

1. ಚೆನ್ನಾಗಿ ಹಣ್ಣಾದ ಕಾಯಿಗಳನ್ನೇ ಬಿಡಿಸಿ, ರೋಗ ತಗುಲಿದ, ಬಿಳಿಚಿದ ಕಾಯಿಗಳನ್ನು ಬೇರ್ಪಡಿಸಬೇಕು.
2. ಮಣ್ಣಿನ ಮೇಲೆ, ರಸ್ತೆಯ ಮೇಲೆ ಒಣಗಿಸದೆ ತಾಡಪಾಲು ಅಥವಾ ಸಿಮೆಂಟ್ ಕಣದಲ್ಲಿ ತೆಳ್ಳಗೆ ಹರಡಬೇಕು. ರಾತ್ರಿ ಮಂಜು ಬೀಳದಂತೆ ಮುಚ್ಚಬೇಕು.
3. ತೇವಾಂಶ ಶೇಕಡಾ 10ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಬೇಕು. ತೂಕಕ್ಕಾಗಿ ಇಲ್ಲವೆ ಹೊಳಪಿಗಾಗಿ ನೀರು ಚಿಮುಕಿಸಬಾರದು. ಬೂಷ್ಟು ಹುಟ್ಟುವುದು ಇಲ್ಲಿಂದಲೇ.
4. ಕೃತಕ ಬಣ್ಣವನ್ನು ಎಂದೂ ಬಳಸಬಾರದು.
5. ಕೀಟನಾಶಕದ ಡಬ್ಬಿಯ ಮೇಲೆ ಹೇಳಿರುವಷ್ಟು ದಿನ ಕಾದು ಕಾಯಿ ಬಿಡಿಸಬೇಕು. ಯಾವ ದಿನ ಯಾವ ಔಷಧಿ ಹೊಡೆದಿರಿ ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು.
6. ಬಣ್ಣಕ್ಕೆ ಹೆಸರಾದ ಬ್ಯಾಡಗಿ ತಳಿಯನ್ನೂ ಖಾರಕ್ಕೆ ಹೆಸರಾದ ಗುಂಟೂರು ತಳಿಗಳನ್ನೂ ಒಂದೇ ಚೀಲಕ್ಕೆ ತುಂಬದೆ ಬೇರೆ ಬೇರೆಯಾಗಿ ಸಂಗ್ರಹಿಸಬೇಕು.

ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಸಭೆಗಳಲ್ಲಿ ಈ ವಿಷಯ ಬಂದಾಗ, ಪ್ರಯೋಗಾಲಯದಲ್ಲಿ ಆಗಿರುವುದು ಯಾವುದು, ಪೇಟೆಗೆ ಬಂದಿರುವುದು ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು. ಹೊಸ ವಿಜ್ಞಾನವನ್ನು ಹೀಗಳೆಯುವುದೂ ಬೇಡ, ಅದರ ಹೆಸರಿನಲ್ಲಿ ರೈತನ ದುಡಿಮೆ ಪೋಲಾಗುವುದೂ ಬೇಡ. ಕೊಳವೆ ಬರಿಯ ಗಾಡಿ. ಅದರ ಮೇಲೇರುವ ಸರಕು ಹುಟ್ಟುವುದು ಸಸ್ಯದಲ್ಲಿ. ಆ ಸಸ್ಯವನ್ನು ಶುದ್ಧವಾಗಿ, ಹದವಾಗಿ ಬೆಳೆಯುವ ವಿದ್ಯೆ ರೈತನ ಕೈಯಲ್ಲಿದೆ. ಅದಕ್ಕೆ ಬೆಲೆ ಯಾವ ಕಾಲಕ್ಕೂ ಇರುತ್ತದೆ. ಬೆಳೆಯ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದವರು ಸಿರುಗುಪ್ಪ ಇಲ್ಲವೆ ಹಗರಿಯ ಕೃಷಿ ಸಂಶೋಧನಾ ಕೇಂದ್ರವನ್ನು ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.